ಅಜ್ಜಿಗೆ ರಿಪೋರ್ಟ್ ಓದಿ ಹೇಳುವಾಗ



ಸುಲ್ತಾನ್ ಬಜಾರ್ ಅಂದರೆ ನಿಮಗೆ ನೆನಪಾಗುವುದು ಬಟ್ಟೆ ಅಂಗಡಿ, ಬಳೆ, ಕೋಠಿಯ ಹಳೆ ಪುಸ್ತಕಗಳು, ಈಗ ತಲೆಯ ಮೇಲೆ ಓಡುವ ಮೆಟ್ರೋ. ನಮ್ಮ ತಲೆಮಾರಿನ ಹೆಂಗಸರಿಗೆ ಅಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯೂ ನೆನಪಾಗುತ್ತದೆ. ನಮ್ಮ ಅಮ್ಮಂದಿರ ಕಾಲಕ್ಕೆ ಮಗು ಹೇಗಿದೆ ಅಂತ ತಿಳಿಯುತ್ತಿದ್ದುದು ಅದು ಹುಟ್ಟಿ ಅತ್ತಾಗಲೇ. ಈಗ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೇ ಬಹಳಷ್ಟು ತಿಳಿಯುತ್ತದೆ. ಆದರೆ ರಿಪೋರ್ಟ್ ಇಂಗ್ಲಿಷಿನಲ್ಲಿ, ಮನೆಯಲ್ಲಿರುವ ಅಜ್ಜಿಗೆ ಬರುವುದು ಕನ್ನಡ. ನಡುವೆ ನಿಂತು ಓದಿ ಹೇಳಬೇಕಾದವರು ನೀವು. ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಚುರುಕು, ಕನ್ನಡದಲ್ಲಿ ಮಾತ್ರ ಸ್ವಲ್ಪ ತಡವರಿಸುತ್ತೀರಿ, ಅಲ್ಲವೇ? ನಾನು ಡಾಕ್ಟರಲ್ಲ, ಇಂಗ್ಲಿಷ್ ಬಿ.ಎ. ಓದಿ ಮನೆ ನಡೆಸಿದವಳು. ಹಾಗಾಗಿ ಈ ಸಲ ಒಂದು ರಿಪೋರ್ಟಿನ ಮಾತುಗಳನ್ನೇ ಹಿಡಿದು ಹೇಳುತ್ತೇನೆ.

ಬಸುರಿ ಅಕ್ಕನ ರಿಪೋರ್ಟಿನಲ್ಲಿ 'ಕಂಜೆನಿಟಲ್ ಡಯಾಫ್ರಗ್ಮ್ಯಾಟಿಕ್ ಹರ್ನಿಯಾ' ಎಂದು ಬರೆದಿದೆ ಎಂದುಕೊಳ್ಳಿ. 'ಹರ್ನಿಯಾ' ಎಂದೊಡನೆ ಅಜ್ಜಿಗೆ ತಾತ ಮಾಡಿಸಿಕೊಂಡ ಆಪರೇಷನ್ ನೆನಪಾಗುತ್ತದೆ. ಇದು ಅದಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಗೆ ಕನ್ನಡದಲ್ಲಿ 'ವಪೆ' ಎನ್ನುತ್ತಾರೆ. ಬಸಿರಿನ ಮೊದಲ ಎರಡು ಎರಡೂವರೆ ತಿಂಗಳಲ್ಲಿ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಮುಚ್ಚದೆ ತೂತು ಉಳಿದರೆ ಕರುಳು, ಜಠರ ಮೇಲಕ್ಕೇರಿ ಎದೆಗೂಡಿನಲ್ಲಿ ಕೂರುತ್ತವೆ. ಶ್ವಾಸಕೋಶಕ್ಕೆ ಬೆಳೆಯಲು ಜಾಗ ಸಾಲದು. ಸುಮಾರು 3,000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಹೆಚ್ಚಾಗಿ ಎಡಗಡೆಗೆ.

'ಕಂಜೆನಿಟಲ್' ಎಂಬ ಮಾತಿನಲ್ಲಿ ಎಚ್ಚರವಿರಲಿ. ಅದರ ಅರ್ಥ 'ಹುಟ್ಟಿನಿಂದಲೇ ಇರುವುದು' ಎಂದಷ್ಟೇ. 'ವಂಶಪಾರಂಪರ್ಯ' ಎಂದಲ್ಲ. ಅವಸರದಲ್ಲಿ ನೀವು ಹಾಗೆ ಅನುವಾದ ಮಾಡಿಬಿಟ್ಟರೆ, ಅದೇ ಸಂಜೆ 'ಯಾರ ಕಡೆಯ ವಂಶ?' ಎಂಬ ಜಗಳ ಶುರುವಾಗುತ್ತದೆ!

ಇನ್ನು ಮುಖ್ಯವಾದ ಮಾತಿಗೆ ಬರೋಣ. ಡಾಕ್ಟರು 'ಕ್ರೋಮೋಸೋಮ್ ಪರೀಕ್ಷೆ ಮಾಡಿಸಿ' ಎನ್ನುತ್ತಾರೆ. 'ತೂತು ಕಂಡೇ ಕಂಡಿತಲ್ಲ, ಇನ್ನೂ ಯಾಕೆ ಸೂಜಿ?' ಎಂದು ಮನೆಯವರು ಹಿಂದೇಟು ಹಾಕುತ್ತಾರೆ. ಯಾಕೆ ಎಂದರೆ, ತೂತು ಒಂದೇ ತರಹ ಕಂಡರೂ ಎಲ್ಲ ಮಕ್ಕಳ ಕಥೆ ಒಂದೇ ಅಲ್ಲ. ಕ್ರೋಮೋಸೋಮ್ ಎಂಬುದು ಗ್ರೀಕ್ ಮೂಲದ ಮಾತು, ಬಣ್ಣದ ಕಾಯ ಎಂದು ಅರ್ಥ. ಕನ್ನಡದ 'ವರ್ಣತಂತು' ಎಷ್ಟು ಚೆನ್ನಾಗಿದೆ ನೋಡಿ. ಒಂದೊಂದು ಜೀವಕೋಶದಲ್ಲೂ 46 ಇರಬೇಕು. ವಪೆಯಲ್ಲಿ ತೂತಿರುವ ಗರ್ಭಸ್ಥ ಶಿಶುಗಳಲ್ಲಿ ಸುಮಾರು ನೂರಕ್ಕೆ 10ರಿಂದ 20ರಲ್ಲಿ ಈ ವರ್ಣತಂತುಗಳಲ್ಲಿ ವ್ಯತ್ಯಾಸ ಸಿಗುತ್ತದೆ. ಹೃದಯ ಮುಂತಾದ ಕಡೆಯೂ ತೊಂದರೆ ಕಂಡಿದ್ದರೆ ಈ ಸಂಭವ ಹೆಚ್ಚು, ತೂತೊಂದೇ ಇದ್ದರೆ ಕಡಿಮೆ.

ಹೆಚ್ಚಾಗಿ ಸಿಗುವುದು 18ನೆಯ ವರ್ಣತಂತು ಎರಡರ ಬದಲು ಮೂರಿರುವುದು. ಇದನ್ನು 1960ರಲ್ಲಿ ಗುರುತಿಸಿದ ಎಡ್ವರ್ಡ್ಸ್ ಎಂಬುವರ ಹೆಸರೇ ಇದಕ್ಕಿದೆ. ಈ ಮಕ್ಕಳಲ್ಲಿ ಬಹುಪಾಲು ಒಂದು ವರ್ಷ ದಾಟುವುದಿಲ್ಲ. ಕೆಲವರಲ್ಲಿ 8 ಅಥವಾ 15ನೆಯದರ ಚಿಕ್ಕ ತುಂಡು ಕಳೆದುಹೋಗಿರುತ್ತದೆ. ಅದು ಸಾಮಾನ್ಯ ಪರೀಕ್ಷೆಗೆ ತಪ್ಪಿಸಿಕೊಳ್ಳಬಹುದು, 'ಮೈಕ್ರೋಅರೇ' ಎಂಬ ಸೂಕ್ಷ್ಮ ಪರೀಕ್ಷೆ ಬೇಕು. ಪ್ಯಾಲಿಸ್ಟರ್ ಕಿಲಿಯನ್ ಎಂಬ ಅಪರೂಪದ ಸ್ಥಿತಿಯಲ್ಲಿ ಹುಟ್ಟಿದ ಮಗುವಿನ ರಕ್ತ ನೋಡಿದರೆ ಎಲ್ಲ ಸರಿಯಾಗಿದೆ ಅನಿಸಬಹುದು. ಚರ್ಮದ ಜೀವಕೋಶ ನೋಡಿದಾಗಲೇ ಗುಟ್ಟು ಬಯಲು! ತಾಯಿಯ ರಕ್ತದಿಂದ ಮಾಡುವ ಪರೀಕ್ಷೆ ಮುಖ್ಯವಾಗಿ 13, 18, 21ನೆಯದನ್ನು ನೋಡುತ್ತದೆ. ಅದು ಚೆನ್ನಾಗಿ ಬಂತೆಂದು ಇಲ್ಲಿಗೇ ನಿಲ್ಲಿಸುವಂತಿಲ್ಲ. ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು ನೋಡುವುದೇ ಸರಿಯಾದ ದಾರಿ. ಇದರಿಂದ ಗರ್ಭಪಾತವಾಗುವ ಅಪಾಯ ಇದೆ, ಆದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮ ಹೈದರಾಬಾದಿನಲ್ಲೇ ಪಂಜಾಗುಟ್ಟದ ನಿಮ್ಸ್‌ನಲ್ಲಿ ಅನುವಂಶೀಯ ರೋಗಗಳ ವಿಭಾಗವಿದೆ. ಅಲ್ಲಿ ಕೇಳಬಹುದು.

ವರ್ಣತಂತು ಸರಿಯಾಗಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಆಸೆಗೆ ಆಧಾರವಿದೆ. ಹಸುಗೂಸುಗಳ ಐಸಿಯು, ಮಕ್ಕಳ ಸರ್ಜನ್ ಇಬ್ಬರೂ ಇರುವ ಕಡೆ ಹೆರಿಗೆಯಾಗಬೇಕು. ಮೊದಲು ಉಸಿರಾಟ ಸ್ಥಿರಪಡಿಸಿ, ಆಮೇಲೆ ಆಪರೇಷನ್ ಮಾಡುತ್ತಾರೆ. ಶ್ವಾಸಕೋಶ ತೀರಾ ಚಿಕ್ಕದಿದ್ದರೆ ಹೊಟ್ಟೆಯಲ್ಲಿರುವಾಗಲೇ ಮಗುವಿನ ಶ್ವಾಸನಾಳದಲ್ಲಿ ಪುಟ್ಟ ಬಲೂನು ಇಡುವ ಚಿಕಿತ್ಸೆಯೂ ಬಂದಿದೆ. 2021ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ ಬಲೂನು ಇಟ್ಟವರಲ್ಲಿ ನೂರಕ್ಕೆ 40 ಮಕ್ಕಳು ಬದುಕಿ ಮನೆಗೆ ಹೋದರು, ಇಡದವರಲ್ಲಿ 15. ಆ ಅಧ್ಯಯನಕ್ಕೆ ಆರಿಸಿಕೊಂಡದ್ದು ತೂತೊಂದೇ ಇದ್ದ ಮಕ್ಕಳನ್ನು. ಪರೀಕ್ಷೆ ಎಷ್ಟು ಮುಖ್ಯ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ದಿನಗಳ ಲೆಕ್ಕವನ್ನೂ ನೀವೇ ಇಡಬೇಕು. ಜೀವಕೋಶ ಬೆಳೆಸಿ ನೋಡುವ ಪರೀಕ್ಷೆಗೆ ಎರಡು ಮೂರು ವಾರ ಹಿಡಿಯುತ್ತದೆ. 2021ರ ತಿದ್ದುಪಡಿಯಂತೆ, ಮಗುವಿಗೆ ಗಂಭೀರ ದೋಷವಿದ್ದಾಗ ಇಬ್ಬರು ಡಾಕ್ಟರರ ಅಭಿಪ್ರಾಯದ ಮೇಲೆ 24 ವಾರದವರೆಗೆ ಗರ್ಭ ತೆಗೆಸಬಹುದು. ಆಮೇಲೆ ಮೆಡಿಕಲ್ ಬೋರ್ಡ್ ಒಪ್ಪಬೇಕು. ತೆಗೆಸಬೇಕೆಂದು ನಾನು ಹೇಳುತ್ತಿಲ್ಲ, ಉಳಿಸಿಕೊಳ್ಳಲೇಬೇಕೆಂದೂ ಹೇಳುತ್ತಿಲ್ಲ. ಅದು ಅಕ್ಕ ಭಾವ ಕೂತು ತೀರ್ಮಾನಿಸಬೇಕಾದ್ದು. ಆದರೆ ತಿಳಿದು ತೀರ್ಮಾನಿಸಲಿ, ಹೆದರಿ ಅಲ್ಲ. ಇನ್ನೊಂದು ವಿಷಯ, ಈ ಪರೀಕ್ಷೆಯಲ್ಲಿ ಮಗು ಹೆಣ್ಣೋ ಗಂಡೋ ಎಂಬುದೂ ಲ್ಯಾಬಿನವರಿಗೆ ಕಾಣುತ್ತದೆ. 1994ರ ಕಾನೂನಿನಂತೆ ಅವರು ಹೇಳುವಂತಿಲ್ಲ. ಯಾರಾದರೂ 'ಮೆಲ್ಲಗೆ ಕೇಳಿ ನೋಡು' ಎಂದರೆ ನೀವು ಕೇಳಲೂಬೇಡಿ.

ಇಂಥ ಸಮಯದಲ್ಲಿ ಮನೆ ತುಂಬ ಮಾತು. 'ಗ್ರಹಣದ ದಿನ ಹೊರಗೆ ಬಂದಳು', 'ಪಪ್ಪಾಯಿ ತಿಂದಳು', 'ಸೋದರಮಾವನನ್ನು ಕಟ್ಟಿಕೊಂಡದ್ದಕ್ಕೇ ಹೀಗಾಯಿತು'. ಮೊದಲೇ ನೊಂದ ಹುಡುಗಿಗೆ ಗಾಯದ ಮೇಲೆ ಬರೆ ಎಳೆದಂತೆ. ವರ್ಣತಂತು ಒಂದು ಹೆಚ್ಚಾಗುವ ವ್ಯತ್ಯಾಸ ಬಹುಪಾಲು ಅಂಡಾಣು, ವೀರ್ಯಾಣು ತಯಾರಾಗುವಾಗಲೇ ಆಗಿಹೋಗಿರುತ್ತದೆ, ಬಸಿರು ನಿಲ್ಲುವ ಮೊದಲೇ. ಗ್ರಹಣಕ್ಕೆ ಅಲ್ಲಿ ಕೆಲಸವಿಲ್ಲ. ನೆಂಟಸ್ತಿಕೆಯ ಮದುವೆಯಿಂದ ವರ್ಣತಂತು ಮೂರಾಗುವುದಿಲ್ಲ. ಆದರೆ ಫ್ರಿನ್ಸ್ ಎಂಬಂಥ ಕೆಲವು ಕಾಯಿಲೆಗಳಲ್ಲಿ ವರ್ಣತಂತು ಸರಿ ಕಂಡರೂ ವಪೆಯಲ್ಲಿ ತೂತಿರುತ್ತದೆ, ಅವು ರಕ್ತಸಂಬಂಧದಲ್ಲಿ ಬರುವ ಸಂಭವ ಹೆಚ್ಚು. ಆದ್ದರಿಂದ ಸಂಬಂಧವನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮುಂದಿನ ಮಗುವಿನ ಬಗ್ಗೆ ಕೇಳುವಾಗ, ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕೇ ಎಂದು ವಿಚಾರಿಸಿ. ಹೆಂಡತಿಯದು ಮಾತ್ರವಲ್ಲ!

ಅಜ್ಜಿಗೆ ಇಷ್ಟು ಹೇಳಿದರೆ ಸಾಕು: 'ಅಜ್ಜಿ, ಮಗುವಿನ ವಪೆಯಲ್ಲಿ ತೂತಿದೆ. ಯಾರ ತಪ್ಪೂ ಅಲ್ಲ. ಇನ್ನೊಂದು ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಯಾರೂ ಏನೂ ಅನ್ನಬಾರದು.' ಅಜ್ಜಿಯಂದಿರು ಕೇಳುತ್ತಾರೆ, ಮಕ್ಕಳೇ. ಅವರ ಭಾಷೆಯಲ್ಲಿ ಹೇಳುವವರು ಬೇಕು, ಅಷ್ಟೇ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.