ಚಿಂತೆಯ ಕೈಗೆ ಬೇಸಾಯ ಕೊಡಬೇಡಿ



ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಮಳೆ, ಸಾಲ, ಪೇಟೆಧಾರಣೆ ಈ ಮೂರನ್ನೂ ತಲೆಯ ಮೇಲೆ ಹೊತ್ತ ಬೇಸಾಯಗಾರನಿಗೆ ಅಂಥ ನಿದ್ದೆ ಎಲ್ಲಿಂದ ಬರಬೇಕು? ಚಿಂತಿಸಲೇಬೇಡಿ ಎಂದು ಉಪದೇಶಿಸುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ಮುಂದಿನದನ್ನು ಯೋಚಿಸದವನು ಬೇಸಾಯ ಮಾಡಲಾರ. ಯೋಚನೆ ಒಂದು ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಚಿಂತೆಯಾದರೋ ಗಾಣದೆತ್ತಿನಂತೆ ಅಲ್ಲಿಯೇ ಸುತ್ತುತ್ತದೆ. ಈ ಸುತ್ತಾಟ ಅಭ್ಯಾಸವಾಗಿಬಿಟ್ಟರೆ ಕಣ್ಣೆದುರಿನ ಬೆಳೆಯೂ ಸರಿಯಾಗಿ ಕಾಣುವುದಿಲ್ಲ.

ತೊಗರಿಯನ್ನೇ ತೆಗೆದುಕೊಳ್ಳಿ. ಹೂ ಬಿಡುವ ಕಾಲದಲ್ಲಿ ಪಕ್ಕದ ಹೊಲದವರು ಪಂಪು ಹೆಗಲಿಗೇರಿಸಿದರೆ ಸಾಕು, ನಮ್ಮ ಹೊಲಕ್ಕೂ ಹುಳು ಬಿತ್ತೇನೋ ಎಂದು ರಾತ್ರಿಯೆಲ್ಲ ಹೊಯ್ದಾಟ. ಬೆಳಗಾದರೆ ಗಿಡ ನೋಡದೆ ಔಷಧಿ ಅಂಗಡಿಗೆ ಓಟ. ಕೊಟ್ಟದ್ದನ್ನು ತಂದು ಸಿಂಪಡಿಸಿದ ಮೇಲೆ ಎರಡು ದಿನ ಮನಸ್ಸಿಗೆ ಸಮಾಧಾನ. ಆದರೆ ಹಣ ಹೋಯಿತು, ಹುಳುವನ್ನು ತಿನ್ನುವ ಉಪಕಾರಿ ಕೀಟಗಳೂ ಸತ್ತವು. ಅದರ ಬದಲು ಹೊಲದ ನಾಲ್ಕಾರು ಕಡೆ ಗಿಡಗಳನ್ನು ಪರೀಕ್ಷಿಸಿ, ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಕೀಡೆ ಕಂಡಾಗ ಮಾತ್ರ ಕಾಯಿಕೊರಕಕ್ಕೆ ಸಿಂಪರಣೆ ಮಾಡುವವರು ಎಣಿಸಿ ನಿರ್ಧರಿಸುತ್ತಾರೆ, ಹೆದರಿ ಅಲ್ಲ. ಬತ್ತಿದ ಕೊಳವೆ ಬಾವಿಯ ಪಕ್ಕದಲ್ಲೇ ಸಾಲ ತಂದು ಇನ್ನೊಂದು, ಮತ್ತೊಂದು ಕೊರೆಸುವುದೂ ಬಹುಮಟ್ಟಿಗೆ ಇದೇ ಗಾಬರಿಯ ಕೆಲಸ.

ರಾತ್ರಿ ಕಾಡುವ ಚಿಂತೆಗೆ ಹಗಲಿನಲ್ಲೇ ಹೊತ್ತು ಗೊತ್ತುಮಾಡಿ. ಮನೋವಿಜ್ಞಾನಿಗಳು 1983ರಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದ ಕ್ರಮವಿದು. ಸಂಜೆ ದನ ಕಟ್ಟಿದ ಮೇಲೆ ಅರ್ಧ ಗಂಟೆ ಪುಸ್ತಕ, ಪೆನ್ನು ಹಿಡಿದು ಕುಳಿತುಕೊಳ್ಳಿ. ಕಾಡುವ ಸಂಗತಿಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ನೀವು ಮಾಡಬಹುದಾದ ಒಂದು ಕೆಲಸ, ಅದನ್ನು ಮಾಡುವ ದಿನ ಬರೆಯಿರಿ. ‘ಸಂಘದ ಕಂತು’ ಎಂದಿದ್ದರೆ ಸೋಮವಾರ ಕಾರ್ಯದರ್ಶಿಯನ್ನು ಕಂಡು ಅವಧಿ ಕೇಳುವುದು. ‘ಮಳೆ ಕೈಕೊಟ್ಟರೆ’ ಎಂದಿದ್ದರೆ ಮಳೆ ನಿಮ್ಮ ಕೈಯಲ್ಲಿಲ್ಲ, ವಿಮೆ ನಿಮ್ಮ ಕೈಯಲ್ಲಿದೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 2ನ್ನು ಮೀರುವುದಿಲ್ಲ. ಮಾಡಬಹುದಾದದ್ದು ಏನೂ ಇಲ್ಲದಿದ್ದರೆ ಒಂದು ಗೆರೆ ಎಳೆದು ಬಿಡಿ. ನಡುರಾತ್ರಿ ಅದೇ ಚಿಂತೆ ಎದ್ದರೆ ‘ನಾಳೆ ಸಂಜೆ ನೋಡೋಣ’ ಎಂದುಕೊಳ್ಳಿ. ಮೊದಲ ವಾರ ಇದು ಮಕ್ಕಳಾಟದಂತೆ ಕಾಣುತ್ತದೆ. ಎಳೆ ಹೋರಿಗೆ ನೊಗ ಕಲಿಸಿದವರಿಗೆ ತಾಳ್ಮೆಯ ಪಾಠ ಬೇಕಿಲ್ಲ.

ಸಂಜೆಯ ಮೇಲೆ ಚಹಾ, ಕಾಫಿ ಬೇಡ. ಹೆಂಡ ನಿದ್ದೆ ತರುತ್ತದೆಂಬುದು ಅರ್ಧ ನಿಜ. ನಡುರಾತ್ರಿಗೆ ಅದೇ ಎಬ್ಬಿಸಿ ಕೂರಿಸುತ್ತದೆ. ಮಾರುವ ಮಾಲು ಮನೆಯಲ್ಲಿ ಇಲ್ಲದಿದ್ದರೂ ಗಂಟೆಗೊಮ್ಮೆ ಮೊಬೈಲಿನಲ್ಲಿ ಧಾರಣೆ ನೋಡುವ ಚಟವನ್ನಂತೂ ಬಿಡಲೇಬೇಕು.

ಇನ್ನೊಂದು ಮಾತು ಕೆಲವರಿಗೆ ರುಚಿಸಲಾರದು. ಸಾಲದ ಲೆಕ್ಕವನ್ನು ಹೆಂಡತಿಯಿಂದ ಮುಚ್ಚಿಡುವ ಗಂಡಸರು ನಮ್ಮಲ್ಲಿ ಬಹಳ. ಮರ್ಯಾದೆಗಾಗಿ ಎನ್ನುತ್ತಾರೆ. ಮುಚ್ಚಿಟ್ಟ ಸಾಲಕ್ಕೆ ಎರಡು ಬಡ್ಡಿ, ಒಂದು ಹಣದ್ದು, ಇನ್ನೊಂದು ಮನಸ್ಸಿನದು. ಹಾಲು, ಕೋಳಿ, ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಸಾಲದ ಲೆಕ್ಕ ಅರ್ಥವಾಗದೆ? ಈ ವಾರವೇ ಇಬ್ಬರೂ ಕುಳಿತು ಆ ಪುಸ್ತಕ ತೆರೆಯಿರಿ.

ಇಷ್ಟಾದರೂ ಎರಡು ಮೂರು ವಾರ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ. ಜ್ವರಕ್ಕೆ ಹೋದಂತೆ ಇದಕ್ಕೂ ವೈದ್ಯರ ಬಳಿ ಹೋಗಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಮಾನಸಿಕ ರೋಗಗಳಿಗೆ ಚಿಕಿತ್ಸೆ ಕೊಡಬಲ್ಲರೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ತೋರಿಸಿಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಲ್ಲಿ ಯಾರಾದರೂ ಹೀಗೆ ಕುಗ್ಗಿದ್ದು ಕಂಡರೆ ಕೀಟನಾಶಕಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಬೇರೊಬ್ಬರು ಇಟ್ಟುಕೊಳ್ಳಿ.