ಚೌಕಿಮನೆ ಬಾಡಿಗೆಗೆ: ಉಳಿವಿನ ದಾರಿಯೋ, ಹೊಸ ತೊಡಕೋ?

ಕುಂಭಾಶಿ: ಆನೆಗುಡ್ಡೆ ವಿನಾಯಕನ ಸನ್ನಿಧಿಗೆ ಬರುವ ಯಾತ್ರಿಕರಿಗೆ ವಸತಿಗೃಹದ ಕೋಣೆ ಸಾಕು. ಆದರೆ ಮೂವತ್ತು ನಲ್ವತ್ತು ಮಂದಿಯ ಬಳಗ ಒಂದೇ ಸೂರಿನಡಿ ತಂಗಿ, ಅಲ್ಲಿಯೇ ಉಪನಯನವನ್ನೋ ಷಷ್ಟ್ಯಬ್ದಿಯನ್ನೋ ನಡೆಸಬೇಕಾದರೆ ದೊಡ್ಡಮನೆಯೇ ಬೇಕು. ನಡುವೆ ಅಂಗಳವಿರುವ ಚೌಕಿಮನೆಗಳನ್ನು ಬಾಡಿಗೆಗೆ ಕೊಡುವ ವಿಚಾರಕ್ಕೆ ಮಹತ್ವ ಬಂದಿರುವುದು ಇಲ್ಲಿಯೇ.

ಈ ಮನೆಗಳನ್ನು ಪೊರೆದದ್ದು ಗೇಣಿಯ ಅಕ್ಕಿ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಗೇಣಿದಾರರಿಗೆ ಅದು ತಡವಾಗಿ ದೊರೆತ ನ್ಯಾಯ. ಆದರೆ ಹೆಂಚು ಹೊದೆಸುವ, ಮರದ ಕಂಬಗಳನ್ನು ಗೆದ್ದಲಿನಿಂದ ಕಾಯುವ ವೆಚ್ಚಕ್ಕೆ ದೊಡ್ಡಮನೆಗಳಲ್ಲಿ ಆದಾಯ ಉಳಿಯಲಿಲ್ಲ. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು. ವಿಜಯನಾಥ ಶೆಣೈಯವರು ಕೆಲವು ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿ ಉಳಿಸಿದರು. ಎಲ್ಲವನ್ನೂ ಹಾಗೆ ಸಾಗಿಸಲಾಗದು.

ಬಾಡಿಗೆಯಿಂದ ದುರಸ್ತಿಯ ಹಣ ಹುಟ್ಟಬಹುದು. ತೊಡಕುಗಳೂ ಉಂಟು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆ ರೂಪುಗೊಂಡದ್ದು ಮಾಲೀಕರ ಕುಟುಂಬ ವಾಸವಿರುವ, ಆರು ಕೋಣೆ ಮೀರದ ಮನೆಗಳಿಗೆ. ಬೀಗ ಬಿದ್ದ ದೊಡ್ಡಮನೆ ಆ ಚೌಕಟ್ಟಿಗೆ ಒಗ್ಗದು. ಅಳಿಯಸಂತಾನದ ಮನೆತನಗಳಲ್ಲಿ ಹಕ್ಕುದಾರರು ಹಲವರಿದ್ದರೆ ಒಬ್ಬರ ಒಪ್ಪಿಗೆಯೂ ಸಾಲದು. ದೈವದ ಕೋಣೆ, ನಾಗಬನಗಳ ಕಟ್ಟುಪಾಡು ಮೋಜಿಗೆ ಬಂದವರಿಗೆ ತಿಳಿದಿರುವುದಿಲ್ಲ.

ಆದಕಾರಣ ಹಕ್ಕುದಾರರೆಲ್ಲರ ಲಿಖಿತ ಸಮ್ಮತಿ, ದೈವಸ್ಥಾನವನ್ನು ಹೊರತುಪಡಿಸಿದ ಕರಾರು, ದುರಸ್ತಿಗೆಂದೇ ಮೀಸಲಿಟ್ಟ ಪಾಲು, ಇವು ಮೊದಲಾಗಬೇಕು. ಇಲ್ಲವಾದಲ್ಲಿ ವರ್ಷಕ್ಕೊಮ್ಮೆ ದೈವಕಾರ್ಯಕ್ಕೆ ಊರಿಗೆ ಬರುವ ಮನೆಯವರೇ ತಮ್ಮ ಚಾವಡಿಯಲ್ಲಿ ಅತಿಥಿಗಳಾದಾರು.