ಅಂಬಾಸಿಡರೋ, ಫಿಯಟ್ಟೋ?

ಹಳೆಯ ಮೋಟಾರುಗಳ ಮಾತು ಬಂದಿತೆಂದರೆ ಎರಡು ಪಕ್ಷಗಳಾಗುವುದು ನಿಶ್ಚಯ. ಅಂಬಾಸಿಡರ್ ಬಲಶಾಲಿಯೆಂದು ಒಂದು ಪಕ್ಷ, ಫಿಯಟ್ ಚುರುಕೆಂದು ಇನ್ನೊಂದು. ಎರಡೂ ಅಳೆದು ನೋಡದೆ ಆಡುವ ಮಾತುಗಳು ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ರೂಪಾಂತರವಾದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಇಟಲಿಯ ಫಿಯಟ್ 1100 ಗಾಡಿಯನ್ನು ಮುಂಬಯಿಯ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂದು ನಾಮಕರಣವಾಯಿತು.

ಇವೆರಡರ 1960ರ ದಶಕದ ಮಾದರಿಗಳನ್ನು ಹೋಲಿಸೋಣ. ಅಂಬಾಸಿಡರಿನ ಎಂಜಿನ್ನು 1489 ಘನ ಸೆಂಟಿಮೀಟರಿನದು. ಶಕ್ತಿ ಸುಮಾರು 50 ಅಶ್ವಶಕ್ತಿ. ಫಿಯಟ್ಟಿನದು 1089 ಘನ ಸೆಂಟಿಮೀಟರ್. ಸುಮಾರು 40 ಅಶ್ವಶಕ್ತಿ. ಇಷ್ಟನ್ನೇ ಓದಿ ತೀರ್ಪು ಕೊಡುವವರೇ ಹೆಚ್ಚು. ಆದರೆ ಎಂಜಿನ್ನು ಮೊದಲು ಎಳೆಯಬೇಕಾದದ್ದು ತನ್ನ ಗಾಡಿಯನ್ನೇ ಅಲ್ಲವೆ? ಅಂಬಾಸಿಡರಿನ ತೂಕ ಸುಮಾರು 1100 ಕಿಲೋಗ್ರಾಂ, ಫಿಯಟ್ಟಿನದು ಸುಮಾರು 900. ಭಾಗಿಸಿ ನೋಡಿದರೆ ಟನ್ನಿಗೆ ಒಂದಕ್ಕೆ 45, ಇನ್ನೊಂದಕ್ಕೆ 44 ಅಶ್ವಶಕ್ತಿ. ಖಾಲಿ ಗಾಡಿಗಳಲ್ಲಿ ಬಲಶಾಲಿಯೂ ಇಲ್ಲ, ದುರ್ಬಲನೂ ಇಲ್ಲ!

ಈಗ ಎರಡರಲ್ಲಿಯೂ ತಲಾ 60 ಕಿಲೋಗ್ರಾಮಿನ ಆರು ಜನರನ್ನು ಕೂರಿಸೋಣ. ಅಂಬಾಸಿಡರಿನ ಪಾಲು ಟನ್ನಿಗೆ 34ಕ್ಕೆ ಇಳಿಯುತ್ತದೆ, ಫಿಯಟ್ಟಿನದು 32ಕ್ಕೆ. ಗಾಡಿ ಹಗುರವಾದಷ್ಟೂ ಹೇರಿದ ಭಾರ ಅದಕ್ಕೆ ಹೆಚ್ಚಾಗಿ ತಾಗುತ್ತದೆ. ಬೀದರಿನ ಚೌಬಾರದ ಸುತ್ತಲಿನ ಗಲ್ಲಿಗಳಲ್ಲಿ ಒಬ್ಬಿಬ್ಬರು ತಿರುಗಾಡುವುದಾದರೆ ಸುಮಾರು 40 ಸೆಂಟಿಮೀಟರು ಗಿಡ್ಡವಾದ, ಪೆಟ್ರೋಲು ಕಡಮೆ ಕುಡಿಯುವ ಫಿಯಟ್ಟೇ ಲೇಸು. ಮನೆಮಂದಿಯೆಲ್ಲ ಭಾಲ್ಕಿಗೋ ಔರಾದಿಗೋ ಹೊರಟರೆ ನನ್ನ ಮತ ಅಂಬಾಸಿಡರಿಗೆ. (ಮಳೆಗಾಲದಲ್ಲಿ ಡಾಂಬರು ಬಿಟ್ಟು ಎರೆಹೊಲಕ್ಕೆ ಇಳಿದರೆ ಎರಡೂ ಹೂತುಕೊಳ್ಳುತ್ತವೆ, ಅಲ್ಲಿ ಎತ್ತಿನ ಬಂಡಿಯೇ ಮೇಲು.)

ಆದರೆ ಈ ಗುಣದಲ್ಲಿಯೇ ಅಪಾಯವೂ ಅಡಗಿದೆ. ಗಾಡಿ ಎಳೆಯುತ್ತದೆಂದು ಎಂಟು ಹತ್ತು ಜನರನ್ನು ತುಂಬುವ ಚಟವನ್ನು ಬೆಳೆಸಿದ್ದು ಅಂಬಾಸಿಡರಿನ ಖ್ಯಾತಿಯೇ. ಹೊಗಳುವವರು ಎಂಜಿನ್ನನ್ನು ಹೊಗಳುತ್ತಾರೆ, ಬ್ರೇಕನ್ನು ಯಾರೂ ವಿಚಾರಿಸುವುದಿಲ್ಲ. ಬೀದರು ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲಿದೆ. ಔರಾದಿಗೆ ಹೋಗುವವರು ಅಲ್ಲಿಂದ ಇಳಿದು ಮಾಂಜ್ರಾ ನದಿಯನ್ನು ದಾಟಬೇಕು. ಆರು ಜನರಿರುವ ಅಂಬಾಸಿಡರ್ 100 ಮೀಟರು ಎತ್ತರದಿಂದ ಇಳಿಯಿತೆಂದು ಇಟ್ಟುಕೊಳ್ಳಿ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು 14 ಲಕ್ಷ ಜೂಲ್. ನಾಲ್ಕೂವರೆ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಚಾಲಕನು ಗೇರನ್ನು ಇಳಿಸದಿದ್ದರೆ ಅದರ ಬಹುಪಾಲು ಬ್ರೇಕುಗಳಲ್ಲಿಯೇ ಶಾಖವಾಗಬೇಕು. ಈ ಹಳೆಯ ಮಾದರಿಗಳೆರಡರಲ್ಲಿಯೂ ಇದ್ದವು ಡ್ರಮ್ ಬ್ರೇಕುಗಳು. ಕಾದ ಡ್ರಮ್ಮು ಹಿಗ್ಗಿ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ, ಪಟ್ಟಿಯ ಘರ್ಷಣೆಯೂ ಕುಗ್ಗುತ್ತದೆ. ಕಾಲು ಒತ್ತಿಯೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ. ಏರುವಾಗ ಹಾಕುವ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕಾಗಿಯೇ.

ಅಂಬಾಸಿಡರ್ ಹೋದರೂ ಅದು ಕಲಿಸಿದ ಚಟ ಹೋಗಿಲ್ಲ. ಕಾಲೇಜಿಗೆ ಬಾಡಿಗೆ ಗಾಡಿಯಲ್ಲಿ ಬರುವ ವಿದ್ಯಾರ್ಥಿಗಳು ಮೇಲಿನ ಲೆಕ್ಕವನ್ನು ತಮ್ಮ ಗಾಡಿಗೂ ಮಾಡಿ ನೋಡಬಹುದು. ಅದರ ಖಾಲಿ ತೂಕವೂ ಆಸನಗಳ ಸಂಖ್ಯೆಯೂ ನೋಂದಣಿ ಪತ್ರದಲ್ಲಿವೆ. ಒಳಗೆ ಕುಳಿತವರನ್ನೂ ಹಿಂದೆ ಜೋತುಬಿದ್ದವರನ್ನೂ ಎಣಿಸಿಕೊಂಡರಾಯಿತು.